ಕುಟ್ರ ಹಕ್ಕಿಯ ಕೆಂಪು

ಆಂಟಿ ಎಂದು ಕರೆದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಕಿವಿ ಚೆನ್ನಾಗಿಯೇ ಇತ್ತು. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಹೇಳುವಷ್ಟು ಚೆನ್ನಾಗಿತ್ತು. ಆದರೆ ಸಿಡ್ನಿಯಲ್ಲಿ ಸೀರೆ ಉಟ್ಟ, ತಲೆ ನರೆತ ಹೆಂಗಸರೆಲ್ಲ ಆಂಟಿಯೇ ಆಗಬೇಕೆಂಬ ಕಾನೂನನ್ನು ಅವರು ಒಪ್ಪಿರಲಿಲ್ಲ. ನಮ್ಮ ಗಿರಾವೀನ್ ಬಡಾವಣೆಯ ಇಂಡಿಯನ್ ಅಂಗಡಿಯ ಹುಡುಗನಿಗೆ ಒಮ್ಮೆ, ನಾನು ಯಾರ ಚಿಕ್ಕಮ್ಮನೂ ಅಲ್ಲ, ಜನ್ಮವಿಡೀ ಪಾಠ ಹೇಳಿದವಳು, ಮೇಡಂ ಅನ್ನು ಎಂದು ಧಾರವಾಡದ ಕನ್ನಡದಲ್ಲೇ ಹೇಳಿದ್ದರಂತೆ. ಅವನು ತೆಲುಗಿನವನು. ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಗಿರಬೇಕು, ಮರುದಿನದಿಂದ ಮೇಡಂ ಎಂದೇ ಕರೆದ. ನಾವೆಲ್ಲರೂ ಹಾಗೆಯೇ ಕರೆದೆವು. ಈ ಮಾರ್ಚಿನಲ್ಲಿ ಅವರು ತೀರಿಹೋದರೆಂದು ಮಗಳು ಭಾರತಿ ಫೋನ್ ಮಾಡಿದಾಗ ನನ್ನ ಬಾಯಿಂದ ಬಂದದ್ದೂ "ಮೇಡಂ?" ಎಂಬ ಒಂದೇ ಮಾತು.

ನನಗೆ ಅವರ ಪರಿಚಯವಾದದ್ದು ಬಾಡಿಗೆಯ ದೆಸೆಯಿಂದ. ಬೆಂಗಳೂರಿನಿಂದ ಬಂದ ಹೊಸದರಲ್ಲಿ ಭಾರತಿಯವರ ಹಿತ್ತಲಿನ ಗ್ರಾನಿ ಫ್ಲ್ಯಾಟಿನಲ್ಲಿದ್ದೆ. ಈ ದೇಶದಲ್ಲಿ ಮನೆಯ ಹಿಂದೆ ಅಜ್ಜಿಗೆಂದು ಒಂದು ಪುಟ್ಟ ಮನೆ ಕಟ್ಟುತ್ತಾರೆ, ಆಮೇಲೆ ಮಾರ್ಟ್‌ಗೇಜಿಗೆ ಆಗಲಿ ಎಂದು ಅದನ್ನು ನನ್ನಂಥವರಿಗೆ ರೆಂಟಿಗೆ ಕೊಡುತ್ತಾರೆ. ಹಾಗಾಗಿ ಅಜ್ಜಿಯ ಮನೆಯಲ್ಲಿ ನಾನಿದ್ದೆ, ದೊಡ್ಡ ಮನೆಯಲ್ಲಿ ಅಜ್ಜಿಯಿದ್ದರು. ಸಂಜೆ ನಾನು ಕೆಲಸದಿಂದ ಬರುವುದನ್ನೇ ಕಾದಿದ್ದು ಅಡುಗೆಮನೆಯ ಕಿಟಕಿಯಿಂದ ಕೈ ಬೀಸುತ್ತಿದ್ದರು.

ಹೋದರೆ ಒಂದು ಲೋಟ ಸಾರು ಕೈಗಿಡುತ್ತಿದ್ದರು. ಉಪ್ಪು ಸರಿಯಾಗಿದೆಯಾ, ಹುಳಿ ಹೆಚ್ಚಾಯಿತಾ ಎಂದು ಎಲ್ಲರೂ ಕೇಳುವಂತೆ ಎಂದೂ ಕೇಳುತ್ತಿರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ಮೊದಮೊದಲು ನನಗೆ ಕಸಿವಿಸಿ. ನೀವೇ ಹೇಳಿ ಮೇಡಂ, ಏನು ಕಮ್ಮಿಯಾಗಿದೆ ಎಂದೆ ಒಂದು ದಿನ.

"ನೀ ಮೊದಲ ಹೇಳು ತಂಗಿ," ಎಂದರು. "ನಾ ಹೇಳಿಬಿಟ್ರ ನಿನ್ನ ನಾಲಿಗಿ ನನ್ನ ಮಾತು ಕೇಳತದ, ಸಾರಿನ ಮಾತು ಕೇಳೂದಿಲ್ಲ."

ಇದು ಅವರ ಇಡೀ ಬದುಕಿನ ಕ್ರಮ ಎಂದು ಆಮೇಲೆ ತಿಳಿಯಿತು. ಸೀರೆಯ ಬಣ್ಣವಿರಲಿ, ಮೊಮ್ಮಗಳ ಜ್ವರವಿರಲಿ, ಎದುರಿನವರು ತಮಗೆ ಕಂಡದ್ದನ್ನು ಹೇಳುವವರೆಗೆ ತಮಗೆ ಕಂಡದ್ದನ್ನು ಹೇಳುತ್ತಿರಲಿಲ್ಲ. ಮೊಮ್ಮಗಳು ಅಜ್ಜಿಯ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ನೀ ಮೊದಲ ಹೇಳು ಎಂಬ ಈ ಒಂದು ವಾಕ್ಯವನ್ನು ಮಾತ್ರ ಕನ್ನಡದಲ್ಲೇ ಅಣಕಿಸುತ್ತಿದ್ದಳು. ನನ್ನದು ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. ಆಫೀಸಿನಲ್ಲಿ ಇದನ್ನೇ ದೊಡ್ಡ ದೊಡ್ಡ ಮಾತಿನಲ್ಲಿ ಟ್ರೇನಿಂಗ್ ಕೊಟ್ಟಿದ್ದರು, ತಲೆಗೆ ಹೋಗಿರಲಿಲ್ಲ. ಸಾರಿನ ಲೋಟದಲ್ಲಿ ಹೋಯಿತು.

ಬೇಸಿಗೆ ಬಂತೆಂದರೆ ಸಂಡಿಗೆಯ ಸಂಭ್ರಮ. ಇಲ್ಲಿನ ಬೇಸಿಗೆ ಡಿಸೆಂಬರಿನಲ್ಲಿ, ಆದ್ದರಿಂದ ಕ್ರಿಸ್‌ಮಸ್ ರಜೆಯಲ್ಲಿ ಗಿರಾವೀನಿನ ಹಿತ್ತಲುಗಳಲ್ಲಿ ಸಂಡಿಗೆ ಹಪ್ಪಳ. ಅವರನ್ನು ನೋಡಿ ನಾನೂ ಒಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಅಕ್ಕಿ ಸಂಡಿಗೆ ಇಟ್ಟೆ, ಫ್ಲ್ಯಾಟಿನ ಹಿಂಬದಿಯ ಸಿಮೆಂಟು ಕಟ್ಟೆಯಲ್ಲಿ. ಎರಡೇ ದಿನಕ್ಕೆ ಬೂಷ್ಟು ಬಂತು. ಮೇಡಂ ಬಂದು ನೋಡಿ ನಕ್ಕರು. ನಮ್ಮೂರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಹೋಗುತ್ತಾನೆ, ಈ ದೇಶದಲ್ಲಿ ಉತ್ತರಕ್ಕೆ ವಾಲುತ್ತಾನೆ. ನೀನು ಇಟ್ಟಿರುವುದು ದಕ್ಷಿಣಕ್ಕೆ, ಮನೆಯ ನೆರಳಿನಲ್ಲಿ ಎಂದು ಬಿಡಿಸಿ ಹೇಳಿದರು. ಅವರ ಸಂಡಿಗೆ ಹಿತ್ತಲಿನ ಉತ್ತರದ ಬೇಲಿಯ ಬಳಿ ಗರಿಗರಿಯಾಗಿ ಒಣಗಿತ್ತು. ಕಾಕಟೂ ಎಂಬ ಬಿಳಿ ಗಿಳಿಗಳು ಬಂದು ಕದಿಯದಂತೆ ಕೊಡೆ ಹಿಡಿದು ತಾವೇ ಕಾವಲು ಕೂರುತ್ತಿದ್ದರು. ಹಕ್ಕಿಗಳೆಂದರೆ ಪ್ರಾಣ ಬಿಡುವ ಹೆಂಗಸು ಕಾಕಟೂವನ್ನು ಮಾತ್ರ ದರೋಡೆಕೋರ ಎಂದೇ ಕರೆಯುತ್ತಿದ್ದರು.

ಅವರ ಪ್ರಾಣವೆಲ್ಲ ಇದ್ದದ್ದು ಆಸ್ಟ್ರೇಲಿಯಾದಲ್ಲಿ ಇಲ್ಲವೇ ಇಲ್ಲದ ಒಂದು ಹಕ್ಕಿಯಲ್ಲಿ. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಆಲದ ಮರದಲ್ಲಿ ಕೂತು ಕುಟ್ರು ಕುಟ್ರು ಎಂದು ಬಿಡುವಿಲ್ಲದೆ ಕೂಗುವ ಕುಟ್ರ ಹಕ್ಕಿಯನ್ನು ಎಲ್ಲರೂ ಕೇಳಿರುತ್ತಾರೆ. ಅದರ ದೂರದ ನೆಂಟರು ಆಫ್ರಿಕಾದಲ್ಲಿದ್ದಾರೆ. ಮೇಡಂ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಮೈಸೂರಿನ ಗಣಿತದ ಮೇಷ್ಟರನ್ನು ಮದುವೆಯಾಗಿ, ಇಬ್ಬರೂ ಕೂಡಿ ಮಲಾವಿ ದೇಶದ ಜೊಂಬಾ ಎಂಬ ಊರಿಗೆ ಪಾಠ ಹೇಳಲು ಹೋಗಿದ್ದರು. ಬೆಟ್ಟದ ಬುಡದ ಊರು. ಭಾರತಿ ಹುಟ್ಟಿದ್ದು ಅಲ್ಲಿಯೇ. ಅಲ್ಲಿ ಅವರಿಗೆ ಈ ಆಫ್ರಿಕಾದ ಕುಟ್ರ ಗಂಟುಬಿತ್ತು: ಮೈನಾ ಗಾತ್ರ, ದಪ್ಪ ತಲೆ, ಅಂಚಿಗೆ ಹಲ್ಲು ಮೂಡಿದಂಥ ಮೊಂಡು ಕೊಕ್ಕು, ಕೊರಳಿಗೊಂದು ಕರಿ ಪಟ್ಟಿ, ತೆಳು ಹಳದಿ ಹೊಟ್ಟೆ, ಹೆಚ್ಚಿನ ಕಡೆ ಮುಖ ಮಾತ್ರ ಕುಂಕುಮ ಬಳಿದಂತೆ ಕೆಂಪು.

ಈ ಹಕ್ಕಿ ಆಫ್ರಿಕಾದ ದಕ್ಷಿಣದ ಅರ್ಧದುದ್ದಕ್ಕೂ ಇದೆ, ಆದರೆ ಎಲ್ಲ ಕಡೆ ಒಂದೇ ಥರ ಇಲ್ಲ. ಅದನ್ನು ನನಗೆ ವಿವರಿಸಿದ್ದು ಜೋಳದ ರೊಟ್ಟಿ ಬಡಿಯುತ್ತ. ಧಾರವಾಡದಿಂದ ಮೈಸೂರಿನವರೆಗೆ ಊರೂರಿನ ಸಾರು ರುಚಿ ನೋಡುತ್ತ ಹೋದರೆ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತದೆ, ಇಂಥ ಊರಿನಲ್ಲೇ ಬದಲಾಯಿತೆಂದು ಬೆರಳಿಡಲಾಗದು. ಹಕ್ಕಿಯ ಹೊಟ್ಟೆಯ ಹಳದಿ ಹಾಗೆ. ಮುಖದ ಕೆಂಪು ಹಾಗಲ್ಲ. ಜೊಂಬಾದ ಸೀಮೆಗೆ ಬಂದರೆ ಗೆರೆ ಎಳೆದಂತೆ ಕೆಂಪು ಮಾಯವಾಗಿ, ಕಪ್ಪು ಮುಖದ ಮೇಲೆ ಬಿಳಿ ಚುಕ್ಕೆ ಎರಚಿದಂಥ ಹಕ್ಕಿ ಸಿಗುತ್ತದೆ. ಆ ಸೀಮೆ ದಾಟಿದರೆ ಮತ್ತೆ ಕೆಂಪು. ಹಕ್ಕಿ ಒಂದೇ, ಉಪಪ್ರಭೇದ ಬೇರೆ.

ಒಂದೇ ಎಂದು ಹೇಗೆ ಗೊತ್ತು ಎಂದು ಕೇಳಿದೆ. ಕೂಗಿನಿಂದ ಎಂದರು. ಈ ಹಕ್ಕಿಗಳ ಜೋಡಿ ಎದುರು ಬದುರು ಕೂತು ಕೂಗುತ್ತದೆ. ಒಂದು ಟೂ ಎಂದರೆ ಮರುಕ್ಷಣ ಇನ್ನೊಂದು ಪುಡ್ಲಿ ಎನ್ನುತ್ತದೆ, ಎರಡು ಗಂಟಲೆಂದು ಕೇಳಿದವರಿಗೆ ತಿಳಿಯುವುದೇ ಇಲ್ಲ. ನನ್ನಿಂದ ಟೂ ಹೇಳಿಸಿ, ರೊಟ್ಟಿಯ ಮೇಲೆ ಅಂಗೈ ಬಡಿದು ತಾವು ಪುಡ್ಲಿ ಎಂದರು. ನಾನು ಮೂರನೆಯ ಸುತ್ತಿಗೇ ತಾಳ ತಪ್ಪಿದೆ. ಭಾರತಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ಅಮ್ಮನ ಹಕ್ಕಿ ಪುರಾಣಕ್ಕೆ ಹೊಸ ಭಕ್ತರು ಸಿಕ್ಕರು ಎಂದು ನಕ್ಕರು.

ಆ ಪುರಾಣದ ತಿರುಳು ಒಂದು ಅತ್ತಿ ಮರ. ಜೊಂಬಾದ ಅವರ ಮನೆಯೆದುರಿನ ಕಾಡು ಅತ್ತಿಯಲ್ಲಿ ಒಂದು ವರ್ಷ ಒಂದು ಜೋಡಿ ಗೂಡು ಮಾಡಿತ್ತು. ಒಂದರ ಮುಖ ಕೆಂಪು. ಇನ್ನೊಂದರ ಮುಖ ಕಪ್ಪು ಬಿಳಿ. ಗೆರೆಯ ಆಚೆಯದೊಂದು, ಈಚೆಯದೊಂದು, ಕೂಡಿ ಕೂಗುತ್ತಿದ್ದವು. ಮೇಡಂ ಓಡಿಹೋಗಿ ಗಂಡನನ್ನು ಕರೆತಂದು ತೋರಿಸಿದರು. ಗಣಿತದ ಮೇಷ್ಟ್ರು ಸ್ವಲ್ಪ ಹೊತ್ತು ಕಿವಿಗೊಟ್ಟು, "ಮುಖ ಬೇರೆ ಇದ್ರೇನು, ತಾಳ ತಪ್ತಿಲ್ವಲ್ಲ," ಎಂದು ಒಳಗೆ ಹೋಗಿ ಕಾಫಿ ಕುಡಿದರಂತೆ. ಆ ವಾಕ್ಯವನ್ನು ಮೇಡಂ ಮೈಸೂರಿನ ಧಾಟಿಯಲ್ಲಿಯೇ ಹೇಳುತ್ತಿದ್ದರು. ಹೇಳುವಾಗ ಅವರ ಮುಖ ಮದುವೆ ಹೆಣ್ಣಿನ ಮುಖವಾಗುತ್ತಿತ್ತು.

ಅವರ ಬಳಿ ಕ್ಯಾಮೆರಾ ಇರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಜೋಡಿ ಹಾರಿಹೋಯಿತು. ಆ ಮೇಲೆ ಬಂದ ಒಬ್ಬ ಪಕ್ಷಿತಜ್ಞರಿಗೆ ಹೇಳಿದರೆ, ಅವರು ಬಹಳ ಮರ್ಯಾದೆಯಿಂದ, ನೀವು ನೋಡಿದ ಕಪ್ಪು ಮುಖದ್ದು ಮರಿಯಿರಬೇಕು, ಮರಿಗಳ ಮುಖಕ್ಕೆ ಕೆಂಪು ತಡವಾಗಿ ಬರುತ್ತದೆ, ಹೊಸಬರು ಮೋಸಹೋಗುವುದು ಸಹಜ ಎಂದರಂತೆ. ಮರಿಯ ಕೊಕ್ಕಿಗೆ ಹಲ್ಲು ಮೂಡಿರುವುದಿಲ್ಲ, ತಾನು ನೋಡಿದ್ದಕ್ಕೆ ಇತ್ತು ಎಂದು ಮೇಡಂ ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ. ಗಂಡ ತೀರಿಕೊಂಡರು, ಮೇಡಂ ಮಗಳ ಬಳಿ ಬಂದರು, ಮಾತು ಮಾತ್ರ ಅಲ್ಲಿಯೇ ನಿಂತಿತ್ತು. ಆ ಅತ್ತಿ ಮರದ ಜೋಡಿಯನ್ನು ನೋಡಿದವರಲ್ಲಿ ಉಳಿದವರು ತಾವೊಬ್ಬರೇ. ತಾವು ಕಂಡದ್ದು ನಿಜವೆಂದು ಹೇಳಲು ಎಲ್ಲಿಯಾದರೂ ಅಂಥ ಜೋಡಿಗೆ ಹುಟ್ಟಿದ ಒಂದು ಬೆರಕೆ ಮುಖದ ಹಕ್ಕಿ ಸಾಕ್ಷಿಯಾಗಿ ಸಿಗಬೇಕು ಎಂಬ ಆಸೆ ಅವರಿಗೆ ಕಣ್ಣಿನ ಕಸದಂತೆ ಉಳಿದುಬಿಟ್ಟಿತ್ತು.

ಒಮ್ಮೆ ಕನ್ನಡ ಕೂಟದ ಯುಗಾದಿಗೆ ಅವರಿಂದ ಇದರ ಬಗ್ಗೆ ಭಾಷಣ ಮಾಡಿಸಿದರು. ಮಾತು ಚೆನ್ನಾಗಿಯೇ ಆಯಿತು. ಕೊನೆಯಲ್ಲಿ ನಿರೂಪಕರು ಉತ್ಸಾಹದಿಂದ, ನಾವೂ ಈ ಹಕ್ಕಿಗಳಂತೆಯೇ, ಹುಬ್ಬಳ್ಳಿಯವರು, ಬೆಂಗಳೂರಿನವರು, ಬಣ್ಣ ಬೇರೆ ಕೂಗು ಒಂದೇ ಎಂದು ಶುರುಮಾಡಿದರು. ಚಪ್ಪಾಳೆ ಬಿತ್ತು. ಮೇಡಂ ಮೈಕು ಕೊಟ್ಟಿರಲಿಲ್ಲ, ಕೈಯಲ್ಲೇ ಇತ್ತು. "ಹಕ್ಕಿನ್ನ ಹಕ್ಕಿಯಾಗೇ ಇರಲಿಕ್ಕೆ ಬಿಡ್ರಿ," ಎಂದರು. "ಅವಕ್ಕ ತಮ್ಮದೇ ಸಂಸಾರ ಭಾಳ ಅದ." ಸಭೆ ನಕ್ಕಿತು. ನಿರೂಪಕರು ಹೋಳಿಗೆ ಊಟದ ಪ್ರಕಟಣೆಗೆ ಹಾರಿದರು.

ಆಮೇಲೆ ನನಗೆ ಮೆಲ್ಬರ್ನಿಗೆ ವರ್ಗವಾಯಿತು. ಡಾಕ್‌ಲ್ಯಾಂಡ್ಸಿನಲ್ಲಿ ಆಫೀಸು, ಅಲ್ಲೇ ಟ್ರಾಮಿನ ದಾರಿಯಲ್ಲೊಂದು ಬಾಡಿಗೆ ಅಪಾರ್ಟ್‌ಮೆಂಟು. ಒಂದೇ ಕೋಣೆ, ಒಂದೇ ಕಿಟಕಿ, ಅದೂ ದಕ್ಷಿಣಕ್ಕೆ. ವರ್ಷವಿಡೀ ಅದರಿಂದ ಒಂದು ತುಣುಕು ಬಿಸಿಲು ಒಳಗೆ ಬರದು, ಅದಕ್ಕೇ ರೆಂಟ್ ಸ್ವಲ್ಪ ಕಮ್ಮಿ. ವಾರಕ್ಕೊಮ್ಮೆ ಮೇಡಂಗೆ ಫೋನ್ ಮಾಡಿ ಬಿಸಿಲಿಲ್ಲದ ದುಃಖ ತೋಡಿಕೊಳ್ಳುತ್ತಿದ್ದೆ. ಹಾಗೆ ಮಾತಿಗೆ ಮಾತು ಬಂದು ಒಂದು ದಿನ ನನ್ನ ಪಕ್ಕದ ಫ್ಲ್ಯಾಟಿನ ಲಿನ್ ಹೇಳಿದ್ದನ್ನು ಹೇಳಿದೆ. ಲಿನ್ ಒಂದು ಹಳೆಯ ಕಾಲೇಜಿನ ಪ್ರಾಣಿ ಸಂಗ್ರಹ ನೋಡಿಕೊಳ್ಳುವವಳು. ಅಲ್ಲಿ ಕೋಣೆ ಖಾಲಿ ಮಾಡಿಸುತ್ತಿದ್ದರು. ಹತ್ತಿ ತುಂಬಿ ಒಣಗಿಸಿಟ್ಟ ಒಂದು ಟ್ರೇ ಆಫ್ರಿಕಾದ ಹಕ್ಕಿಗಳಿದ್ದವು, ಹಿಂದೆ ಯಾವನೋ ಪುಣ್ಯಾತ್ಮ ಗಾಜಿನ ಕಪಾಟಿನಲ್ಲಿ ಅಂದವಾಗಿ ಕಾಣಲೆಂದು ಕಾಲಿಗೆ ಕಟ್ಟಿದ್ದ ಊರಿನ ಚೀಟಿಗಳನ್ನೆಲ್ಲ ಕತ್ತರಿಸಿಬಿಟ್ಟಿದ್ದ. ಯಾವ ಊರಿನ ಹಕ್ಕಿಯೆಂದು ಗೊತ್ತಿಲ್ಲದ ಮೇಲೆ ಯಾರಿಗೆ ಬೇಕು? ತಿಂಗಳ ಕೊನೆಗೆ ಕಸಕ್ಕೆ. ಎಲ್ಲವೂ ಕೊರಳಿಗೆ ಕರಿ ಪಟ್ಟಿಯಿದ್ದ, ಕೆಲವು ಕೆಂಪು ಮುಖದ ಕೆಲವು ಕಪ್ಪು ಮುಖದ ಹಕ್ಕಿಗಳಂತೆ ಎಂದೆ.

"ಟಿಕೆಟ್ ಬುಕ್ ಮಾಡು," ಎಂದರು ಮೇಡಂ.

ಭಾರತಿಗೆ ಇಷ್ಟವಿರಲಿಲ್ಲ. ಬಿಪಿ, ಮಂಡಿನೋವು, ಆಗಸ್ಟಿನ ಮೆಲ್ಬರ್ನಿನ ಚಳಿ ಎಲ್ಲವನ್ನೂ ಹೇಳಿದರು. ನನ್ನೊಡನೆ ಮಾತ್ರ ಬೇರೆಯಾಗಿ, ಅಲ್ಲಿಯೂ ಏನೂ ಸಿಗದಿದ್ದರೆ ಅಮ್ಮ ಕುಗ್ಗಿಹೋಗುತ್ತಾರೆ, ಅದೇ ನನ್ನ ಭಯ ಎಂದರು. ನನಗೂ ಅದೇ ಭಯವಿತ್ತು.

ಮೇಡಂ ಬಂದಿಳಿದದ್ದು ಸ್ವೆಟರಿನ ಮೇಲೆ ಇಳಕಲ್ ಸೀರೆಯುಟ್ಟು. ಮರುದಿನ ಕಾಲೇಜಿಗೂ ಅದೇ. ಅದರ ಕೆಂಪು ಸೆರಗು ಅವರಿಗೆ ಕೆಲಸದ ಸಾಮಾನು. ಹಕ್ಕಿಯ ಕೆಂಪನ್ನು ಅದರ ಪಕ್ಕ ಇಟ್ಟು ನೋಡಿದರೆ ಎಷ್ಟು ಗಾಢ, ಎಷ್ಟು ತೆಳು ಎಂದು ಅಳೆಯಬಹುದು ಎಂದರು. ಕೋಣೆಗೆ ಕಾಲಿಟ್ಟವರೇ ದಿಕ್ಕು ಕೇಳಿದರು. ದೊಡ್ಡ ಕಿಟಕಿ ಉತ್ತರಕ್ಕಿತ್ತು, ಬ್ಲೈಂಡ್ ಇಳಿಬಿಟ್ಟಿತ್ತು. ಅದನ್ನು ತೆರೆಸಿ ಮೇಜನ್ನು ಅಲ್ಲಿಗೆ ಎಳೆಸಿದರು. ಬಿಸಿಲು ಬರುತ್ತದೆಂದು ಲಿನ್ ಮೆಲ್ಲಗೆ ಹೇಳಿದಳು. ಬಣ್ಣ ನೋಡುವುದಕ್ಕೆ ಉತ್ತರದ ಬೆಳಕೇ ಸರಿ ಎಂದು ಇವರು ಪಾಠ ಹೇಳಿದರು. ವಯಸ್ಸಾದವರೊಡನೆ ವಾದ ಏಕೆಂದು ಅವಳು ಸುಮ್ಮನಾದಳು.

ಇಡೀ ದಿನ ಹಕ್ಕಿಗಳನ್ನು ಬೆನ್ನ ಮೇಲೆ ಮಲಗಿಸಿ, ಹೊಟ್ಟೆಯ ಹಳದಿ ನೋಡಿ, ಮುಖ ನೋಡಿ, ಇದು ದಕ್ಷಿಣದ್ದು, ಇದು ಕರಾವಳಿಯದು, ಇದು ಜೊಂಬಾದ್ದು ಎಂದು ಸಾಲು ಮಾಡಿದರು. ನಡುವೆ ಒಂದು ಹಕ್ಕಿ ಕೈಗೆ ಬಂತು. ಮುಖ ಕೆಂಪೂ ಅಲ್ಲ, ಕಪ್ಪೂ ಅಲ್ಲ. ಅಲ್ಲಲ್ಲಿ ಮಾಸಲು ಗುಲಾಬಿ. ಕೊಕ್ಕಿಗೆ ಹಲ್ಲು ಮೂಡಿತ್ತು, ಮರಿಯಲ್ಲ. ಮೇಡಂ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತರು. ಗೆರೆಯ ಎರಡು ಕಡೆಯವು ಕೂಡಿದ್ದಕ್ಕೆ ಹುಟ್ಟಿದ್ದು ಇದೇ ಎಂದರು. ನೀವು ಮೊದಲು ಹೇಳಿ ಎಂದು ಆ ದಿನ ನಮ್ಮನ್ನು ಕೇಳಲಿಲ್ಲ. ಟ್ರಾಮಿನಿಂದಲೇ ಭಾರತಿಗೆ ಫೋನ್ ಮಾಡಿ, ನಿಮ್ಮಪ್ಪ ಇದ್ದಿದ್ದರೆ ಎಂದು ಶುರುಮಾಡಿ ಅತ್ತುಬಿಟ್ಟರು. ನನಗೂ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ನಾನು ಕಾಫಿ ಮಾಡುತ್ತಿದ್ದೆ. ಮೇಡಂ ನನ್ನ ಬಿಸಿಲಿಲ್ಲದ ಕಿಟಕಿಯ ಬಳಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದವರು ಹಾಗೆಯೇ ನಿಂತರು. ಸೆರಗನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ನೋಡಿದರು. ಅದರ ಕೆಂಪು ನಿನ್ನೆ ಕಾಲೇಜಿನಲ್ಲಿ ಬಿಳಚಿಕೊಂಡು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಇಲ್ಲಿ ಗಾಢವಾಗಿ, ತನ್ನ ನಿಜವಾದ ಬಣ್ಣದಲ್ಲಿತ್ತು. ಕಿಟಕಿ ಯಾವ ದಿಕ್ಕಿಗೆ ಎಂದು ಕೇಳಿದರು. ದಕ್ಷಿಣ ಎಂದೆ. ಅವರು ನಿಧಾನವಾಗಿ ಕುರ್ಚಿಯಲ್ಲಿ ಕೂತರು.

ಧಾರವಾಡದ ಪ್ರಯೋಗಶಾಲೆಯಲ್ಲಿ ಅವರ ಗುರುಗಳು ಕಲಿಸಿದ್ದು ಉತ್ತರದ ಕಿಟಕಿ. ಅಲ್ಲಿ ಆ ಕಡೆಯಿಂದ ನೇರ ಬಿಸಿಲು ಬಾರದು, ಬೆಳಕು ತಣ್ಣಗೆ, ಒಂದೇ ಸಮ. ಬಣ್ಣ ಸುಳ್ಳು ಹೇಳುವುದಿಲ್ಲ. ಆ ಪಾಠ ಮೈಯಲ್ಲಿ ಎಷ್ಟು ಹೊಕ್ಕಿತ್ತೆಂದರೆ, ಸೂರ್ಯ ಉತ್ತರದಲ್ಲಿ ಓಡಾಡುವ ದೇಶದಲ್ಲಿ ಇಷ್ಟು ವರ್ಷ ಇದ್ದೂ, ಇಡೀ ದಿನ ಹಕ್ಕಿಗಳನ್ನು ನಡುಬಿಸಿಲಿಗೆ ಹಿಡಿದು ಬಣ್ಣ ನೋಡಿದ್ದರು.

"ಸಂಡಿಗಿ ಇಡೂವಾಗ ಗೊತ್ತಿತ್ತಲ್ಲ ತಂಗಿ," ಎಂದರು. "ಹಕ್ಕಿ ಇಡೂವಾಗ ಎಲ್ಲಿ ಹೋಗಿತ್ತು ಬುದ್ಧಿ?"

ಆಮೇಲೆ ನಕ್ಕರು. ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಅವರ ಮುಖ ಬಿಗಿಯಿತು, ಎದ್ದು ಚಪ್ಪಲಿ ಮೆಟ್ಟಿದರು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಬಯಸಿದ್ದ ಸಾಕ್ಷಿ ಟ್ರೇಯಲ್ಲಿ ಮಲಗಿತ್ತು, ಬರೆದು ಕೊಟ್ಟರೆ ಲಿನ್ ನಂಬುತ್ತಿದ್ದಳು. ದಾರಿಯಲ್ಲಿ ಇದನ್ನು ಹೇಳಿಯೂಬಿಟ್ಟೆ. ಅವರು ಟ್ರಾಮಿನ ಕಿಟಕಿಯಾಚೆ ನೋಡುತ್ತ, ಆ ಪಕ್ಷಿತಜ್ಞರು ನನ್ನ ಮಾತು ಕೇಳದೆ ತಮಗೆ ಬೇಕಾದ್ದನ್ನು ಕಂಡರು, ನಾನೂ ಅದನ್ನೇ ಮಾಡಲೇ ಎಂದರು.

ಲಿನ್‌ಗೆ ಕೈಮುಗಿದು, ನಿನ್ನೆ ನೀನು ಹೇಳಿದ್ದೇ ಸರಿ, ಎಲ್ಲ ಮೊದಲಿಂದ ಎಂದರು. ಹಕ್ಕಿಗಳಿದ್ದ ಆ ಗಾಜಿನ ಕಪಾಟು ಮೊದಲು ಎಲ್ಲಿತ್ತೆಂದು ಕೇಳಿದರು. ಇದೇ ಉತ್ತರದ ಕಿಟಕಿಯ ಎದುರಿಗಿತ್ತು. ಹಾಗಾದರೆ ಬಿಸಿಲು ಎಷ್ಟು ವರ್ಷ ಈ ಕೆಂಪನ್ನು ತಿಂದಿರಬೇಕು? ಮೇಜನ್ನು ಎದುರಿನ ಕಾರಿಡಾರಿಗೆ, ದಕ್ಷಿಣದ ಬೆಳಕಿಗೆ ಸಾಗಿಸಿದೆವು. ನಿನ್ನೆಯ ಗುಲಾಬಿ ಮುಖದ ಹಕ್ಕಿಯನ್ನು ಎತ್ತಿಕೊಂಡು, ಚಿಮಟದಿಂದ ಗಂಟಲಿನ ಮೇಲುಗರಿಗಳನ್ನು ಸರಿಸಿದರು. ಬೆಳಕು ತಾಗದೆ ಮುಚ್ಚಿಕೊಂಡಿದ್ದ ಕೆಳಗಿನ ಗರಿ ಕಡುಗೆಂಪಾಗಿತ್ತು. ಅದು ಬೆರಕೆಯಲ್ಲ, ಬಿಸಿಲಿಗೆ ಬಣ್ಣ ಹೋದ, ಸಾದಾ ಕೆಂಪು ಮುಖದ, ದಕ್ಷಿಣದ ಹಕ್ಕಿ. ಮೇಡಂ ಅದನ್ನು ಅದರ ಸಾಲಿಗೆ ಸೇರಿಸಿ, ಮೂಗೊರೆಸಿಕೊಂಡು, ಮುಂದಿನದನ್ನು ಎತ್ತಿಕೊಂಡರು. ಆ ಕ್ಷಣ ಅವರ ಮೇಲೆ ನನಗೆ ಬಂದ ಅಭಿಮಾನ ಮತ್ತೆ ಯಾರ ಮೇಲೂ ಬಂದಿಲ್ಲ.

ಸಂಜೆಯ ಹೊತ್ತಿಗೆ ಕಪ್ಪು ಮುಖದವುಗಳ ಸಾಲಿಗೆ ಬಂದರು. ನಿನ್ನೆ ಆ ಬಿಸಿಲಿನಲ್ಲಿ ಅವುಗಳ ಕರಿ ಗರಿ ಎಣ್ಣೆ ಹಚ್ಚಿದ ಕೂದಲಿನಂತೆ ಮಿರುಗಿ, ಬೇರೇನೂ ಕಾಣಿಸಿರಲಿಲ್ಲ. ಒಂದನ್ನು ಕೈಗೆತ್ತಿಕೊಂಡು ಗರಿ ಸರಿಸಿ ನೋಡಿ ಕೆಳಗಿಟ್ಟರು. ಲಿನ್‌ಳನ್ನು ಕರೆದು, ನನ್ನನ್ನು ಕಾರಿಡಾರಿನ ತುದಿಗೆ ಕಳಿಸಿದರು. ಅವಳ ಸರದಿ ಮುಗಿದ ಮೇಲೆ ನನ್ನನ್ನು ಕರೆದರು. ಮುಖದಲ್ಲಿ ಏನೂ ತೋರಿಸದೆ, ಸಾರಿನ ಲೋಟ ಕೊಟ್ಟು ನಿಂತಂತೆಯೇ ನಿಂತಿದ್ದರು.

"ನೀ ಮೊದಲ ಹೇಳು," ಎಂದರು.

ಕಪ್ಪು ಹಣೆ. ಬಿಳಿ ಚುಕ್ಕೆ. ಅವುಗಳ ನಡುವೆ, ಹಣೆಯ ಮೇಲೆ, ಕುಂಕುಮದ ಭರಣಿ ಮುಚ್ಚುವಾಗ ಉದುರಿದ ಪುಡಿಯಷ್ಟು ಕೆಂಪು. ಗರಿಯ ಅಡಿಯಲ್ಲಿಯೂ ಅಷ್ಟೇ ಜಾಗದಲ್ಲಿ ಕೆಂಪು, ಹೆಚ್ಚಿಲ್ಲ ಕಮ್ಮಿಯಿಲ್ಲ, ಬಣ್ಣ ಮಾಸಿ ಹಾಗಾದದ್ದಲ್ಲ. ನನಗೆ ಕಂಡದ್ದನ್ನು ಹೇಳಿದೆ. ಲಿನ್ ಕೂಡ ತನ್ನ ಹಣೆ ಮುಟ್ಟಿ ಅದೇ ಜಾಗ ತೋರಿಸಿದ್ದಳಂತೆ. ಕೊಕ್ಕಿನ ಹಲ್ಲನ್ನು ಮೂವರೂ ನೋಡಿದೆವು. ಮೇಡಂ ಕುಣಿದಾಡಲಿಲ್ಲ, ಭಾರತಿಗೆ ಫೋನ್ ಮಾಡಲಿಲ್ಲ. ಒಂದು ಹಕ್ಕಿಯಿಂದ ಎಲ್ಲ ತೀರ್ಮಾನವಾಗದು, ಊರಿನ ಚೀಟಿಯೂ ಇಲ್ಲ ಎಂದರು. ಲಿನ್ ಕಾಲೇಜಿಗೆ ಕೊಡಬೇಕಿದ್ದ ವರದಿಯಲ್ಲಿ ಆ ಹಕ್ಕಿಯ ಮುಂದೆ, ಎರಡು ಉಪಪ್ರಭೇದ ಕೂಡಿದ ಸೀಮೆಯದು ಇರಬಹುದು, ಅಲ್ಲಿ ಹೋಗಿ ನೋಡಬೇಕು ಎಂದಷ್ಟೇ ಬರೆಸಿದರು. ರಾತ್ರಿ ಊಟಕ್ಕೆ ಮಾತ್ರ ಎರಡು ಸಲ ಅನ್ನ ಹಾಕಿಸಿಕೊಂಡರು.

ಟ್ರೇ ಕಸಕ್ಕೆ ಹೋಗಲಿಲ್ಲ. ಸಾಲು ಮಾಡಿದ ಮೇಲೆ ಅದಕ್ಕೆ ಬೆಲೆ ಬಂತು. ಆ ವರದಿ ಓದಿದ ಜೊಂಬಾದ ಒಂದು ಕಾಲೇಜು, ನಮ್ಮ ಹಕ್ಕಿ ನಮಗೆ ಕೊಡಿ ಎಂದಿತು. ಅಲ್ಲಿನ ಅಧ್ಯಾಪಕಿ ಗ್ರೇಸ್ ಎಂಬಾಕೆ ಮೇಡಂಗೆ ಮೆಸೇಜ್ ಮಾಡಿ, ಈ ಟ್ರೇಯನ್ನು ಯಾವ ಕಿಟಕಿಯ ಬಳಿ ಇಟ್ಟು ಹುಡುಗರಿಗೆ ತೋರಿಸಬೇಕು ಎಂದು ಕೇಳಿದಳು. ಆ ಊರಿನಲ್ಲಿ ಇದು ಕಷ್ಟದ ಪ್ರಶ್ನೆ: ಸೂರ್ಯ ಜೂನಿನಲ್ಲಿ ಉತ್ತರಕ್ಕಿರುತ್ತಾನೆ, ಡಿಸೆಂಬರಿನಲ್ಲಿ ಸ್ವಲ್ಪ ದಕ್ಷಿಣಕ್ಕೆ ದಾಟುತ್ತಾನೆ. ಮೇಡಂ ಎರಡನ್ನೂ ವಿವರಿಸಿ, ಕೊನೆಗೆ ಒಂದು ಸಾಲು ಸೇರಿಸಿದರು. ನೆನಪಿರದಿದ್ದರೆ, ನಿಮ್ಮ ಮನೆಯವರು ಮೀನು ಎಲ್ಲಿ ಒಣಗಿಸುತ್ತಾರೋ ನೋಡಿ, ಆ ಕಡೆಗೆ ಮಾತ್ರ ಇಡಬೇಡಿ. ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಮೇಡಂ ಮೀನಿನ ಮಾತಾಡಿದ್ದು ಅದೊಂದೇ ಸಲ.

ಆ ಅತ್ತಿ ಮರ ಎಲ್ಲಿತ್ತೆಂದು ಗ್ರೇಸ್ ಕೇಳಿದ್ದಳು, ಮೇಡಂ ದಾರಿ ಹೇಳಿದ್ದರು. ಹುಡುಗರನ್ನು ಕರೆದುಕೊಂಡು ಹುಡುಕುತ್ತಿದ್ದೇವೆ, ಇನ್ನೂ ಸಿಕ್ಕಿಲ್ಲ ಎಂಬ ಮೆಸೇಜುಗಳು ಆಗಾಗ ಬರುತ್ತಿದ್ದವು. ಸಿಗದಿದ್ದರೂ ಹುಡುಕುತ್ತಿದ್ದಾರಲ್ಲ ಎಂದು ಮೇಡಂ ಖುಷಿಪಡುತ್ತಿದ್ದರು. ಸಿಗಲಿಲ್ಲ. ಮಾರ್ಚ್ ಬಂತು.

ಈ ಜುಲೈಯಲ್ಲಿ ಆಫೀಸಿನ ಕೆಲಸಕ್ಕೆ ಸಿಡ್ನಿಗೆ ಹೋದಾಗ ಗಿರಾವೀನಿಗೆ ಹೋದೆ. ಅಡುಗೆಮನೆಯಲ್ಲಿ ಭಾರತಿ ಕಾಫಿ ಕೊಟ್ಟು ಫೋನ್ ಹಿಡಿದುಕೊಂಡು ನಿಂತರು. ಅಮ್ಮನ ಫೋನಿಗೆ ಗ್ರೇಸ್ ಒಂದು ವಿಡಿಯೋ ಕಳಿಸಿದ್ದಾಳೆ, ಎರಡು ದಿನವಾಯಿತು, ಒಬ್ಬಳೇ ನೋಡುವ ಧೈರ್ಯ ಬರಲಿಲ್ಲ ಎಂದರು. ತೆರೆದೆವು. ಚಳಿಗಾಲದ ಬಿಸಿಲು ಉತ್ತರದ ಕಿಟಕಿಯಿಂದ ನೇರ ಸ್ಕ್ರೀನಿನ ಮೇಲೆ ಬಿದ್ದು ಬರೀ ಬೆಳ್ಳಗೆ ಹೊಳೆಯಿತು, ಏನೂ ಕಾಣಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆಯ ದಕ್ಷಿಣದ ಮೂಲೆಯಲ್ಲಿ ಬಟ್ಟೆ ಒಗೆಯುವ ಕೋಣೆಯಿದೆ. ಎದ್ದು ಅಲ್ಲಿಗೆ ಹೋದೆವು.

ವಿಡಿಯೋ ಮತ್ತೆ ಶುರುವಾಯಿತು. ಎಲೆಗಳು, ಕೊಂಬೆ, ಚಿತ್ರ ಅಲುಗಿತು, ಆಮೇಲೆ ನಿಂತಿತು. ನನಗೆ ಕಂಡಿತು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ.

"ನೀವು ಮೊದಲು ಹೇಳಿ ಭಾರತಿ," ಎಂದೆ.

ಭಾರತಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಎರಡಿವೆ," ಎಂದರು. "ಒಂದರ ಮುಖ ಕೆಂಪು." ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದರು. "ಇನ್ನೊಂದಕ್ಕೆ ಕೆಂಪೇ ಇಲ್ಲ. ಕಪ್ಪು ಬಿಳಿ."

ನನಗೂ ಅದೇ ಕಂಡಿದೆ ಎಂದೆ. ಆಗ ಹಕ್ಕಿಗಳು ಕೂಗಲು ಶುರುಮಾಡಿದವು. ಒಂದು ಟೂ ಎಂದಿತು, ಇನ್ನೊಂದು ಪುಡ್ಲಿ ಎಂದಿತು. ಅಮ್ಮನ ಹಕ್ಕಿ ಪುರಾಣವನ್ನು ಎಂದೂ ಕಿವಿಗೆ ಹಾಕಿಕೊಳ್ಳದ ಭಾರತಿ, ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯ ಅಂಗೈಯಿಂದ ವಾಷಿಂಗ್ ಮಷೀನಿನ ಮುಚ್ಚಳವನ್ನು ರೊಟ್ಟಿ ಬಡಿದಂತೆ ಬಡಿದರು, ಪುಡ್ಲಿ ಬಂದಾಗಲೆಲ್ಲ ಸರಿಯಾಗಿ. ವಿಡಿಯೋ ಮುಗಿಯುವವರೆಗೂ ತಾಳ ತಪ್ಪಲಿಲ್ಲ.